ನೆಲದ ಮೇಲಿನ ಚಿತ್ರ ಕೈಕೊಟ್ಟಾಗ: ಸಣ್ಣ ರಂಗತಂಡಗಳಿಗೊಂದು ದೋಷ ನಿವಾರಣೆ ಕೈಪಿಡಿ

ಹರಿಯುವ ಹೊಳೆ, ಅಡಿಕೆ ತೋಟದ ನೆರಳು, ಹಳೆಯ ಮನೆಯ ಅಂಗಳ. ಇವನ್ನು ಮರ-ಬಟ್ಟೆಯಲ್ಲಿ ಕಟ್ಟಿ ಊರೂರಿಗೆ ಹೊರುವ ಬದಲು ಪ್ರೊಜೆಕ್ಟರಿನಿಂದ ರಂಗದ ನೆಲಕ್ಕೆ ಬಿಟ್ಟರೆ ಲಾರಿಯ ಅರ್ಧ ಜಾಗ ಉಳಿಯುತ್ತದೆ. ಆದರೆ ಗೋಡೆಗೋ ಪರದೆಗೋ ಚಿತ್ರ ಬಿಟ್ಟು ಅಭ್ಯಾಸವಾದವರು ಅದೇ ಲೆಕ್ಕವನ್ನು ನೆಲಕ್ಕೂ ಹಾಕುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ. ಪರದೆ ಪ್ರೇಕ್ಷಕರಿಗೆ ಎದುರಾಗಿ ನಿಂತಿರುತ್ತದೆ. ನೆಲ ಮಲಗಿರುತ್ತದೆ, ಅದರ ಮೇಲೆ ನಟರು ಓಡಾಡುತ್ತಾರೆ, ಉಳಿದೆಲ್ಲ ದೀಪಗಳ ಬೆಳಕೂ ಕೊನೆಗೆ ಬಂದು ಬೀಳುವುದು ಅದರ ಮೇಲೆಯೇ.

ಹಾಗಾಗಿ ದೋಷ ಹುಡುಕುವ ಕ್ರಮ ಹೀಗಿರಲಿ: ಮೊದಲು ಪ್ರೇಕ್ಷಕರ ಕಣ್ಣು, ಆಮೇಲೆ ನೆಲ, ಆಮೇಲೆ ಉಳಿದ ದೀಪಗಳು, ಆಮೇಲೆ ಪ್ರೊಜೆಕ್ಟರ್, ಕೊನೆಗೆ ತಂತಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಚಿತ್ರ ಮಂಕಾಗಿದೆ ಎಂದು ಇನ್ನೂ ದೊಡ್ಡ ಪ್ರೊಜೆಕ್ಟರ್ ಬಾಡಿಗೆಗೆ ತರುತ್ತಾರೆ, ಮಂಕು ಹಾಗೇ ಉಳಿಯುತ್ತದೆ. ಚಿತ್ರವೇ ಬರುತ್ತಿಲ್ಲ ಎಂದಾದರೆ ಮಾತ್ರ ನೇರವಾಗಿ ಸಿಗ್ನಲ್ಲಿನ ಭಾಗಕ್ಕೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮರುದಿನ ಮತ್ತೆ ಅದೇ ಗೋಳು.

ಅಳತೆಗೊಂದು ನೆಲೆ

ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ಶುರುಮಾಡಿದ ತಿರುಗಾಟದ ಹಾಗೆ ದಿನಕ್ಕೊಂದು ಊರು ಸುತ್ತುವ ತಂಡಕ್ಕೆ ರಂಗದ ಅಳತೆ ದಿನವೂ ಬದಲು. ಇವತ್ತು ಶಿವಮೊಗ್ಗದ ಕುವೆಂಪು ರಂಗಮಂದಿರ, ನಾಳೆ ತಾಲ್ಲೂಕಿನ ಸಮುದಾಯ ಭವನ, ನಾಡಿದ್ದು ಶಾಲೆಯ ಬಯಲು. ಬದಲಾಗದ ಒಂದು ವಸ್ತು ಕೈಯಲ್ಲಿದ್ದರೆ ದೋಷ ಹುಡುಕುವುದು ಸುಲಭ. ಆ ವಸ್ತು ನಿಮ್ಮದೇ ನೆಲ.

16 ಅಡಿ ಅಗಲ, 10 ಅಡಿ ಆಳದ ನೆಲ ಮಾಡಿಕೊಳ್ಳಿ. ಬಾಡಿಗೆಗೆ ಸಿಗುವ ಪ್ರೊಜೆಕ್ಟರುಗಳಲ್ಲಿ ಬಹಳಷ್ಟರ ಚಿತ್ರದ ಆಕಾರ 16:10, ಹಾಗಾಗಿ ಬೆಳಕು ಪೋಲಾಗುವುದಿಲ್ಲ. 8×4 ಅಡಿಯ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ಹಾಳೆ ಐದು ಸಾಕು: ನಾಲ್ಕು ಇಡಿಯಾಗಿ, ಐದನೆಯದನ್ನು ಉದ್ದಕ್ಕೆ ಸೀಳಿ 8×2ರ ಎರಡು ಪಟ್ಟಿ. ಲ್ಯಾಪ್‌ಟಾಪಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಒಂದು ಚೌಕುಳಿ ಚಿತ್ರ ಇಟ್ಟುಕೊಳ್ಳಿ. ಕಪ್ಪು ಹಿನ್ನೆಲೆ, ಬಿಳಿ ಗೆರೆ, ಅಡ್ಡಕ್ಕೆ 16 ಮನೆ, ಆಳಕ್ಕೆ 10 ಮನೆ. ನೆಲದ ಮೇಲೆ ಪ್ರತಿ ಮನೆಯೂ ಟೇಪಿನಲ್ಲಿ ಅಳೆದರೆ ಸರಿಯಾಗಿ ಒಂದಡಿ ಇರಬೇಕು. ಓರೆ, ಮಸುಕು, ಅಲುಗಾಟ ಎಲ್ಲವೂ ಈ ಒಂದು ಚಿತ್ರದಲ್ಲೇ ಸಿಕ್ಕಿಬೀಳುತ್ತವೆ.

ಚಿತ್ರ ಬಿದ್ದಿದೆ, ನೋಡುವವರಿಗೆ ಕಾಣುತ್ತಿಲ್ಲ

ಅತಿ ಸಾಮಾನ್ಯವಾದ ದೋಷ ಇದು, ಪತ್ತೆಯಾಗುವುದು ಮಾತ್ರ ಎಲ್ಲಕ್ಕಿಂತ ತಡವಾಗಿ. ಯಾಕೆಂದರೆ ಚಿತ್ರವನ್ನು ಹೊಂದಿಸುವವರು ರಂಗದ ಮೇಲೆ ನಿಂತು, ಇಲ್ಲವೇ ಬಾಲ್ಕನಿಯಿಂದ ನೋಡುತ್ತಾರೆ. ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು ನೋಡುವುದಿಲ್ಲ.

ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 4 ಅಡಿ ಮೇಲಿರುತ್ತದೆ. ವೇದಿಕೆ ಮೂರೂವರೆ ಅಡಿ ಎತ್ತರವಿದ್ದರೆ ಕಣ್ಣು ವೇದಿಕೆಯ ಮಟ್ಟಕ್ಕಿಂತ ಬರೀ ಅರ್ಧ ಅಡಿ ಮೇಲೆ. ವೇದಿಕೆಯ ಅಂಚಿನಿಂದ 10 ಅಡಿ ದೂರ ಕೂತವರಿಗೆ 12 ಅಡಿ ಆಳದ ರಂಗ ಕಣ್ಣಿನಲ್ಲಿ ಒಂದೂವರೆ ಡಿಗ್ರಿಯಷ್ಟೇ ಜಾಗ ಹಿಡಿಯುತ್ತದೆ. ಅದೇ ನಾಟಕವನ್ನು ವೇದಿಕೆ ಬಿಟ್ಟು ನೆಲದಲ್ಲಿ ಆಡಿದರೆ, ಅದೇ ದೂರದಲ್ಲಿ ಹನ್ನೊಂದೂವರೆ ಡಿಗ್ರಿ. ಏಳು ಪಟ್ಟು. ಯಾವ ಪ್ರೊಜೆಕ್ಟರೂ ಈ ವ್ಯತ್ಯಾಸವನ್ನು ತುಂಬಿಕೊಡಲಾರದು. ಮುಂದೆ ಜಮಖಾನದ ಮೇಲೆ ಕೂತ ಮಕ್ಕಳ ಕಣ್ಣು ಎರಡೂವರೆ ಅಡಿಯೂ ಇರುವುದಿಲ್ಲ. ಅವರಿಗೆ ವೇದಿಕೆಯ ನೆಲ ಕಾಣುವ ಪ್ರಶ್ನೆಯೇ ಇಲ್ಲ.

ಪರಿಹಾರಗಳನ್ನು ಈ ಕ್ರಮದಲ್ಲಿ ಯೋಚಿಸಿ. ಸಾಧ್ಯವಾದರೆ ವೇದಿಕೆಯನ್ನೇ ಬಿಟ್ಟುಬಿಡಿ. ಸಭಾಂಗಣದ ನೆಲದಲ್ಲಿ ಆಡಿ, ಮೂರು ಕಡೆ ಪ್ರೇಕ್ಷಕರನ್ನು ಕೂರಿಸಿ: ಮೊದಲ ಸಾಲಿಗೆ ಜಮಖಾನ, ಎರಡನೆಯದಕ್ಕೆ ಬೆಂಚು, ಮೂರನೆಯದಕ್ಕೆ ಕುರ್ಚಿ, ನಾಲ್ಕನೆಯದಕ್ಕೆ ಮೇಜಿನ ಎತ್ತರದ ಅಟ್ಟಣಿಗೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಒಳಅಂಗಳಕ್ಕಿಂತ ಸುತ್ತಲ ಜಗಲಿ ಎತ್ತರ. ಅಲ್ಲಿ ಕೂತವರಿಗೆ ಅಂಗಳದ ನೆಲ ಪೂರ್ತಿ ಕಾಣುತ್ತದೆ. ನೆಲದ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ರಂಗಮಂದಿರ ಇಲ್ಲ. ವೇದಿಕೆ ಬಿಡುವಂತಿಲ್ಲ ಎಂದಾದರೆ ನಿಮ್ಮ ನೆಲವನ್ನು ಹಿಂದಕ್ಕೆ ಏರುವಂತೆ ಓರೆ ಮಾಡಿ. 12 ಅಡಿಗೆ 1 ಅಡಿ ಏರಿಸಿದರೆ ಕಾಣುವ ಆಳ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಅದಕ್ಕಿಂತ ಕಡಿದಾಗಿ ಮಾಡಬೇಡಿ. ಮಳೆಗಾಲದಲ್ಲಿ ತೇವದ ಕಾಲಿಗೆ ಜಾರುತ್ತದೆ. ಇದೂ ಆಗದಿದ್ದರೆ ಚಿತ್ರವನ್ನೇ ಆಳದ ದಿಕ್ಕಿಗೆ ಎಳೆದು ಬರೆಯಿಸಿ. ರಂಗೋಲಿಯ ವೃತ್ತವನ್ನು ಅಗಲಕ್ಕಿಂತ ಆಳ ಎರಡರಷ್ಟಿರುವ ಮೊಟ್ಟೆಯಾಕಾರ ಮಾಡಿದರೆ ಕುರ್ಚಿಯಿಂದ ಅದು ವೃತ್ತಕ್ಕೆ ಹತ್ತಿರವಾಗುತ್ತದೆ. ಸಮತಟ್ಟು ಸಭಾಂಗಣ, ಎತ್ತರದ ವೇದಿಕೆ ಎರಡೂ ಇರುವ ಕಡೆ ಇಷ್ಟೆಲ್ಲ ಮಾಡಿದರೂ ಸಾಲದು. ಅಂಥ ಊರಿನಲ್ಲಿ ಚಿತ್ರವನ್ನು ಹಿಂಗೋಡೆಗೆ ತಿರುಗಿಸುವ ಎರಡನೇ ವಿನ್ಯಾಸ ಮೊದಲೇ ಸಿದ್ಧವಿರಲಿ.

ಚಿತ್ರ ಮಂಕು

ಮೊದಲು ಉಳಿದೆಲ್ಲ ದೀಪ ಆರಿಸಿ, ಪೂರ್ತಿ ಬಿಳಿ ಚಿತ್ರ ಬಿಟ್ಟು ನೆಲದ ನಡುವೆ ಲಕ್ಸ್ (ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ) ಅಳೆಯಿರಿ. ಮೊಬೈಲಿನ ಲಕ್ಸ್ ಆ್ಯಪ್ ನಿಖರವಲ್ಲ, ಆದರೆ ಒಂದೇ ಮೊಬೈಲಿನಲ್ಲಿ ಎರಡು ಅಳತೆ ಹೋಲಿಸಲು ಸಾಕು. ಆಮೇಲೆ ಪ್ರೊಜೆಕ್ಟರಿನ ಬಾಯಿಗೆ ರಟ್ಟು ಅಡ್ಡ ಇಟ್ಟು, ಆ ದೃಶ್ಯದ ದೀಪಗಳನ್ನಷ್ಟೇ ಹಚ್ಚಿ ಅದೇ ಜಾಗದಲ್ಲಿ ಅಳೆಯಿರಿ. ಮೊದಲನೆಯದು ಎರಡನೆಯದರ ಐದು ಪಟ್ಟಾದರೂ ಇರಬೇಕು. ದಪ್ಪ ಗೆರೆಗಳ ಚಿತ್ರವಾದರೆ ಮೂರು ಪಟ್ಟಿನಲ್ಲೂ ನಡೆಯುತ್ತದೆ.

16×10 ಅಡಿ ಎಂದರೆ ಸುಮಾರು 15 ಚದರ ಮೀಟರ್. ನಿಜವಾಗಿ 3500 ಲ್ಯೂಮೆನ್ (ಯಂತ್ರ ಹೊರಬಿಡುವ ಒಟ್ಟು ಬೆಳಕಿನ ಅಳತೆ) ಕೊಡುವ ಪ್ರೊಜೆಕ್ಟರ್ ಅಲ್ಲಿ 235 ಲಕ್ಸ್ ಬೀಳಿಸುತ್ತದೆ. ಆ ನೆಲದ ಮೇಲೆ ಉಳಿದ ದೀಪಗಳಿಂದ 200 ಲಕ್ಸ್ ಚೆಲ್ಲಿದ್ದರೆ ಚಿತ್ರದ ಕಪ್ಪು 200, ಬಿಳಿ 435. ಎರಡು ಪಟ್ಟಿನ ಅಂತರವಷ್ಟೇ, ಹೊಳೆ ಹೋಗಿ ಕಲೆಯಾಗುತ್ತದೆ. ಚೆಲ್ಲಿದ್ದನ್ನು 25ಕ್ಕೆ ಇಳಿಸಿದರೆ ಅದೇ ಪ್ರೊಜೆಕ್ಟರಿನಲ್ಲಿ ಹತ್ತು ಪಟ್ಟಿನ ಅಂತರ. ದುಡ್ಡು ಕೊಟ್ಟು ಪ್ರೊಜೆಕ್ಟರನ್ನು ಎರಡರಷ್ಟು ದೊಡ್ಡದು ಮಾಡಿದರೂ ಇಷ್ಟು ಲಾಭವಿಲ್ಲ. ಬಿಳಿ ಚಿತ್ರದ ಅಳತೆಯೇ ಲೆಕ್ಕಕ್ಕಿಂತ ತೀರ ಕಡಿಮೆ ಬಂದರೆ ಕರೆಂಟು ಉಳಿಸಲು ಬೆಳಕು ತಗ್ಗಿಸುವ ಎಕೋ ಮೋಡ್, ಸವೆದ ಲ್ಯಾಂಪ್, ಧೂಳು ಕೂತ ಲೆನ್ಸ್ ನೋಡಿ. ಅಗ್ಗದ ಎಲ್‌ಇಡಿ ಪ್ರೊಜೆಕ್ಟರುಗಳ ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಸಂಖ್ಯೆ ನಂಬಬೇಡಿ. ನಿಗದಿತ ಕ್ರಮದಲ್ಲಿ ಅಳೆದ ಆನ್ಸಿ ಲ್ಯೂಮೆನ್ ಎಷ್ಟೆಂದು ಕೇಳಿ, ಅದನ್ನು ಹೇಳದಿದ್ದರೆ ಬೇಡ.

ನೆಲಕ್ಕೆ ಚೆಲ್ಲುವ ಬೆಳಕಿನ ಮೂಲ ಹೆಚ್ಚಾಗಿ ಎದುರಿನ ದೀಪಗಳು. ಸಭಾಂಗಣದ ಕಡೆಯಿಂದ 45 ಡಿಗ್ರಿಯಲ್ಲಿ ಬರುವ ಬೆಳಕು ನಟರ ಮುಖ ಬೆಳಗಿ ಹಿಂದಿನ ನೆಲಕ್ಕೇ ಇಳಿಯುತ್ತದೆ. ಅದನ್ನು ತಗ್ಗಿಸಿ, ನಟರಿಗೆ ಬೆಳಕನ್ನು ರಂಗದ ಎರಡೂ ಬದಿಯ ಮರೆಗಳಾದ ವಿಂಗ್‌ಗಳಿಂದ ಅಡ್ಡಕ್ಕೆ ಕೊಡಿ. ಮೊಣಕಾಲಿನಿಂದ ತಲೆಯೆತ್ತರದವರೆಗಿನ ಸ್ಟ್ಯಾಂಡುಗಳಲ್ಲಿ ಪ್ರೊಫೈಲ್ ಸ್ಪಾಟ್ (ಅಂಚು ಚೂಪಾಗಿ ಕತ್ತರಿಸಬಹುದಾದ ದೀಪ) ಇಟ್ಟು, ಒಳಗಿನ ಶಟರ್‌ನಿಂದ ಕೆಳಭಾಗವನ್ನು ಕತ್ತರಿಸಿ, ಬೆಳಕು ಎದುರು ವಿಂಗಿನ ಕಪ್ಪು ಬಟ್ಟೆಗೆ ಹೋಗಿ ಸಾಯುವಂತೆ ನೋಡಿಕೊಳ್ಳಿ. ಎಲ್‌ಇಡಿ ಪಾರ್‌ಗಳಲ್ಲಿ (ಬೆಳಕನ್ನು ಅಗಲಕ್ಕೆ ಚೆಲ್ಲುವ ದುಂಡು ದೀಪಗಳು) ಶಟರ್ ಇಲ್ಲ. ತಗಡಿನ ರೆಕ್ಕೆ ಕಟ್ಟಿದರೆ ಅರ್ಧ ಕೆಲಸ ಆಗುತ್ತದೆ, ಪೂರ್ತಿ ಆಗುವುದಿಲ್ಲ.

ಇನ್ನು ನೆಲದ ಬಣ್ಣ. ಕೆಂಪು ಕಾವಿ ನೆಲ ನೀಲಿಯನ್ನೂ ಹಸಿರನ್ನೂ ನುಂಗುತ್ತದೆ. ಅದರ ಮೇಲೆ ಬಿಟ್ಟ ತುಂಗೆ ಕೆಸರಾಗುತ್ತಾಳೆ. ಅಲ್ಲಿ ಕೆಂಪು, ಕಿತ್ತಳೆ ಮಾತ್ರ ಉಳಿಯುತ್ತವೆ. ಸಗಣಿ ಸಾರಿಸಿದ ನೆಲಕ್ಕೆ ಹೊಳಪಿಲ್ಲ, ಅದು ಒಳ್ಳೆಯದು, ಆದರೆ ತುಂಬ ಬೆಳಕು ಕುಡಿಯುತ್ತದೆ. ಪಾಲಿಶ್ ಮಾಡಿದ ಗ್ರಾನೈಟಿನಲ್ಲಿ ಪ್ರೊಜೆಕ್ಟರಿನ ಬಾಯಿಯೇ ಬಿಳಿ ಚುಕ್ಕಿಯಾಗಿ ಮಿನುಗಿ ಕಣ್ಣು ಚುಚ್ಚುತ್ತದೆ. ಹಾಗಂತ ಅಚ್ಚ ಬಿಳಿ ಬಟ್ಟೆ ಹಾಸಿದರೆ ಅದು ಎಲ್ಲ ಬೆಳಕನ್ನೂ ಮೇಲಕ್ಕೆ ಎಸೆಯುತ್ತದೆ. ಮಾಡು ಬೆಳಗುತ್ತದೆ, ನಟರ ಗದ್ದದ ಕೆಳಗಿನಿಂದ ಬೆಳಕು ಬರುತ್ತದೆ, ಚಿತ್ರದ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ತಿಳಿ ಬೂದು ಬಣ್ಣವೇ ಸರಿ. ಹೊಳಪಿಲ್ಲದ ಬಿಳಿ ಎಮಲ್ಷನ್‌ಗೆ ಕಪ್ಪು ಸ್ಟೇನರನ್ನು ಹನಿ ಹನಿಯಾಗಿ ಬೆರೆಸಿ. ಒಣಗಿದ ಮೇಲೆ ಹಳೆಯ ದಿನಪತ್ರಿಕೆಯ ಕಾಗದಕ್ಕಿಂತ ತುಸು ಗಾಢವಾಗಿದ್ದರೆ ಸಾಕು. 160 ಚದರ ಅಡಿಗೆ ಎರಡು ಕೈ ಬಳಿಯಲು ಸುಮಾರು 3 ಲೀಟರ್ ಬೇಕು. ಹಾಳೆಯ ಕೆಳಬದಿಗೂ ಒಂದು ಕೈ ಬಳಿಯಿರಿ. ಒಂದೇ ಬದಿಗೆ ಬಳಿದ ಪ್ಲೈವುಡ್ ಮಲೆನಾಡಿನ ತೇವಕ್ಕೆ ಹಪ್ಪಳದಂತೆ ಏಳುತ್ತದೆ, ಎದ್ದ ಅಂಚಿಗೆ ನಟರು ಎಡವುತ್ತಾರೆ.

ನೆರಳು ಚಿತ್ರವನ್ನು ನುಂಗುತ್ತಿದೆ

ನೆರಳಿನ ಉದ್ದಕ್ಕೆ ಲೆಕ್ಕ ಇದು: ನಟರ ಎತ್ತರವನ್ನು ಪ್ರೊಜೆಕ್ಟರಿನ ನೇರ ಕೆಳಗಿನ ಬಿಂದುವಿನಿಂದ ನಟರಿಗಿರುವ ದೂರದಿಂದ ಗುಣಿಸಿ, ಬಂದದ್ದನ್ನು ಪ್ರೊಜೆಕ್ಟರಿನ ಎತ್ತರದಲ್ಲಿ ನಟರ ಎತ್ತರ ಕಳೆದು ಉಳಿದದ್ದರಿಂದ ಭಾಗಿಸಿ. ಪ್ರೊಜೆಕ್ಟರ್ 15 ಅಡಿ ಎತ್ತರದಲ್ಲಿದ್ದು ಐದೂವರೆ ಅಡಿಯ ನಟ 15 ಅಡಿ ದೂರದಲ್ಲಿ ನಿಂತರೆ ನೆರಳು ಸುಮಾರು ಎಂಟೂಮುಕ್ಕಾಲು ಅಡಿ. ಅದೇ ನಟ 4 ಅಡಿ ದೂರದಲ್ಲಿದ್ದರೆ ಎರಡು ಅಡಿಗೆ ಸ್ವಲ್ಪ ಹೆಚ್ಚು. ಅಂದರೆ ಪ್ರೊಜೆಕ್ಟರನ್ನು ನೆಲದ ನಡುವಿಗೆ ಆದಷ್ಟು ನೇರ ಮೇಲೆ ತರಬೇಕು.

ಎಷ್ಟು ಮೇಲೆ? ಪ್ರೊಜೆಕ್ಟರಿನ ಥ್ರೋ ರೇಷಿಯೋವನ್ನು (ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) ಚಿತ್ರದ ಅಗಲದಿಂದ ಗುಣಿಸಿದರೆ ದೂರ ಸಿಗುತ್ತದೆ. 1.5 ಇರುವ ಸಾಮಾನ್ಯ ಪ್ರೊಜೆಕ್ಟರಿಗೆ 16 ಅಡಿ ಅಗಲ ಬೇಕೆಂದರೆ 24 ಅಡಿ ಎತ್ತರ ಬೇಕು. ನಮ್ಮ ಹೆಂಚಿನ ಮಾಡಿನ ಸಭಾಂಗಣಗಳಲ್ಲಿ ಅದು ಸಿಗದು. 0.5 ಇರುವ ಶಾರ್ಟ್ ಥ್ರೋ ತಂದರೆ 8 ಅಡಿ ಸಾಕು, ಆದರೆ ಅಂಚಿನಲ್ಲಿ ನಿಂತ ನಟನ ನೆರಳು 17 ಅಡಿ ದಾಟುತ್ತದೆ. ಬಹಳ ತಂಡಗಳು ಎಡವುವುದು ಈ ಆಯ್ಕೆಯಲ್ಲೇ. 0.8 ಆಸುಪಾಸಿನದು ಒಳ್ಳೆಯ ನಡುದಾರಿ: ಹದಿಮೂರು ಅಡಿಯ ಹತ್ತಿರ ಎತ್ತರ, ಅಂಚಿನ ನೆರಳು 6 ಅಡಿ. ಅದೂ ಹೊರಗೆ, ಪ್ರೊಜೆಕ್ಟರಿನಿಂದ ಆಚೆ ದಿಕ್ಕಿಗೆ ಬೀಳುವುದರಿಂದ ನಡುವಿನ ಚಿತ್ರ ಉಳಿಯುತ್ತದೆ.

ಕನ್ನಡಿ ಇಟ್ಟು ಎತ್ತರ ಉಳಿಸಬಹುದೆಂಬ ನಂಬಿಕೆ ಇದೆ. ಸ್ವಲ್ಪ ಮಾತ್ರ ನಿಜ. 1.5ರ ಪ್ರೊಜೆಕ್ಟರಿನ ಮುಂದೆ 3 ಅಡಿಯಲ್ಲಿ ಬೆಳಕಿನ ಹರಹು 2 ಅಡಿ ಅಗಲ. ಅಲ್ಲಿಗೆ ಎರಡೂವರೆಗೆ ಎರಡು ಅಡಿಯ ಕನ್ನಡಿ ಸಾಕು, ಉಳಿಯುವ ಎತ್ತರ ಆ 3 ಅಡಿ. 10 ಅಡಿ ಉಳಿಸಬೇಕೆಂದರೆ ಕನ್ನಡಿ ಆರೂವರೆ ಅಡಿಗಿಂತ ದೊಡ್ಡದಾಗಬೇಕು, ಅದನ್ನು ನಟರ ತಲೆಯ ಮೇಲೆ ತೂಗುಹಾಕುವುದು ಅಪಾಯ. ಕನ್ನಡಿಯ ನಿಜವಾದ ಉಪಯೋಗ ಬೇರೆ. ಲ್ಯಾಂಪಿನ ಪ್ರೊಜೆಕ್ಟರುಗಳಲ್ಲಿ ಹೆಚ್ಚಿನವನ್ನು ನೇರ ಕೆಳಮುಖವಾಗಿ ನಿಲ್ಲಿಸುವಂತಿಲ್ಲ. ಲ್ಯಾಂಪಿನ ಬಿಸಿ ತಪ್ಪು ಕಡೆ ಸೇರಿ ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹೊತ್ತಿ ನಿಂತುಬಿಡುತ್ತದೆ, ಲ್ಯಾಂಪಿನ ಆಯುಸ್ಸೂ ಹೋಗುತ್ತದೆ. ಅಂಥದ್ದನ್ನು ಮಲಗಿಸಿಯೇ ಇಟ್ಟು 45 ಡಿಗ್ರಿ ಕನ್ನಡಿಯಿಂದ ಬೆಳಕನ್ನು ಕೆಳಗಿಳಿಸಿ. 360 ಡಿಗ್ರಿ ಅಳವಡಿಕೆಗೆ ಒಪ್ಪುವ ಲೇಸರ್ ಪ್ರೊಜೆಕ್ಟರಾದರೆ ಕನ್ನಡಿ ಬೇಡ. ಮನೆಯ ಕನ್ನಡಿಯಲ್ಲಿ ಬೆಳ್ಳಿ ಇಲ್ಲವೇ ಅಲ್ಯೂಮಿನಿಯಂ ಲೇಪ ಗಾಜಿನ ಹಿಂದಿರುತ್ತದೆ. ಗಾಜಿನ ಮುಂಮೈಯೂ ಒಂದು ಮಂದ ಚಿತ್ರ ಎಸೆಯುವುದರಿಂದ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಲೇಪ ಮುಂದಿರುವ ಕನ್ನಡಿಯೇ ಬೇಕು, ಅದನ್ನು ಬಟ್ಟೆಯಿಂದ ಒರೆಸದೆ ಗಾಳಿ ಊದಿ ಧೂಳು ತೆಗೆಯಬೇಕು. ಕನ್ನಡಿ ಇಟ್ಟ ಮೇಲೆ ಅಕ್ಷರಗಳು ತಿರುವುಮುರುವಾಗಿದ್ದರೆ ಮೆನುವಿನಲ್ಲಿ ರಿಯರ್ ಪ್ರೊಜೆಕ್ಷನ್ ಆಯ್ಕೆ ಮಾಡಿ.

ಬರೀ ಎಲೆಯ ನೆರಳೋ ಕಿಟಕಿಯ ಸರಳೋ ಸಾಕಾಗಿದ್ದರೆ ಪ್ರೊಜೆಕ್ಟರ್ ಬೇಡವೇ ಬೇಡ. ತಗಡಿನಲ್ಲಿ ಆಕಾರ ಕತ್ತರಿಸಿದ ಅಚ್ಚು, ಅಂದರೆ ಗೋಬೋ ಒಂದನ್ನು ಪ್ರೊಫೈಲ್ ಸ್ಪಾಟಿಗೆ ಹಾಕಿ. ಇಲ್ಲಿ ಹೇಳಿದ ಮುಕ್ಕಾಲು ಪಾಲು ತೊಂದರೆ ಇಲ್ಲವಾಗುತ್ತದೆ.

ಓರೆ, ಮಸುಕು, ಅಲುಗಾಟ, ಬೂದು ಚೌಕ

ಚೌಕುಳಿಯ ಮನೆಗಳು ಒಂದು ಕಡೆ ದೊಡ್ಡದಾದರೆ ಮೊದಲು ಪ್ರೊಜೆಕ್ಟರನ್ನು ಸರಿಸಿ, ಲೆನ್ಸ್ ಶಿಫ್ಟ್ (ಯಂತ್ರ ಸರಿಸದೆ ಚಿತ್ರವನ್ನು ಜರುಗಿಸುವ ತಿರುಗಣೆ) ಇದ್ದರೆ ಅದನ್ನು ತಿರುಗಿಸಿ. ಕೀಸ್ಟೋನ್, ಅಂದರೆ ಓರೆಯನ್ನು ಪ್ರೊಜೆಕ್ಟರಿನ ಮೆನುವಿನಲ್ಲೇ ತಿದ್ದುವುದು, ಕೊನೆಯ ದಾರಿ, ಯಾಕೆಂದರೆ ಅದು ಚಿತ್ರವನ್ನು ಕುಗ್ಗಿಸಿ ಬೆಳಕು ಕಳೆಯುತ್ತದೆ. ಆಟದ ನಡುವೆ ಚಿತ್ರ ತಾನಾಗಿ ಓರೆಯಾಯಿತೆಂದರೆ ಆಟೋ ಕೀಸ್ಟೋನ್ ಚಾಲೂ ಇದೆ ಎಂದರ್ಥ. ಅದನ್ನೂ ಆಟೋ ಫೋಕಸನ್ನೂ ಮೆನುವಿನಲ್ಲಿ ಆಫ್ ಮಾಡಿಬಿಡಿ.

ಹತ್ತಿರದ ಗೆರೆ ಚೂಪು, ದೂರದ್ದು ಮಸುಕು ಎಂದರೆ ಪ್ರೊಜೆಕ್ಟರ್ ಓರೆಯಾಗಿದೆ. ನೇರ ಮಾಡಲಾಗದಿದ್ದರೆ ನಟರು ಹೆಚ್ಚು ನಿಲ್ಲದ ಜಾಗಕ್ಕೆ ಫೋಕಸ್ ಹಿಡಿಯಿರಿ. ಯಂತ್ರ ಬಿಸಿಯಾದಂತೆ ಫೋಕಸ್ ಜರುಗುವುದರಿಂದ ಹಚ್ಚಿ ಅರ್ಧ ಗಂಟೆಯಾದ ಮೇಲೆಯೇ ಕೊನೆಯ ಸಲ ಹೊಂದಿಸಬೇಕು. ನಟರು ಕುಣಿದಾಗ ಮಾತ್ರ ಚಿತ್ರ ನಡುಗಿದರೆ ಪ್ರೊಜೆಕ್ಟರಿನ ಸ್ಟ್ಯಾಂಡ್ ಅದೇ ಹಲಗೆಯ ಮೇಲೆ ನಿಂತಿದೆ. ಬೇರೆ ಆಧಾರಕ್ಕೆ ಸಾಗಿಸಿ. ಚಪ್ಪರದ ಅಡಿಕೆ ಕಂಬಕ್ಕೋ ಬಿದಿರಿಗೋ ಪ್ರೊಜೆಕ್ಟರ್ ಕಟ್ಟಲೇಬಾರದು: ಗಾಳಿಗೆ ಅಲುಗುವುದು ಒಂದು, ಜನರ ತಲೆಯ ಮೇಲೆ ಬೀಳುವ ಭಯ ಇನ್ನೊಂದು. ಮರದ ತೊಲೆಯಾದರೂ ಕ್ಲಾಂಪಿನ ಜೊತೆಗೆ ಉಕ್ಕಿನ ಸುರಕ್ಷಾ ತಂತಿ ಇರಲೇಬೇಕು.

ಕತ್ತಲಾಗಬೇಕಾದ ಹೊತ್ತಿಗೆ ನೆಲದ ಮೇಲೆ ಬೂದು ಚೌಕ ಉಳಿಯುವುದು ದೋಷವಲ್ಲ. ಕಪ್ಪು ಚಿತ್ರ ಬಿಟ್ಟಾಗಲೂ ಪ್ರೊಜೆಕ್ಟರಿನಿಂದ ಸ್ವಲ್ಪ ಬೆಳಕು ಸೋರುತ್ತದೆ. ಲೆನ್ಸಿನ ಮುಂದೆ, ತಾಗದಂತೆ, ಕಪ್ಪು ಬಳಿದ ತಗಡಿನ ಮುಚ್ಚಳವೊಂದನ್ನು ದಾರದಿಂದ ಎಳೆಯುವಂತೆ ಮಾಡಿ. ಮುಚ್ಚಳ ಹಾಕಿದಾಗ ಕಪ್ಪು ಚಿತ್ರವೇ ಓಡುತ್ತಿರಲಿ; ಬಿಳಿ ಚಿತ್ರದ ಬಿಸಿಯನ್ನು ತಗಡು ಲೆನ್ಸಿಗೆ ಹಿಂತಿರುಗಿಸುತ್ತದೆ.

ಸಿಗ್ನಲ್

ಚಿತ್ರ ಬಂದು ಹೋಗುವುದು, ಕಿಡಿಯಂಥ ಚುಕ್ಕಿಗಳು ಹಾರುವುದು, ಸಿಗ್ನಲ್ ಇಲ್ಲವೆಂಬ ಬರಹ. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿನ ಹತ್ತಿರ ಒಯ್ದು 2 ಮೀಟರಿನ ಎಚ್‌ಡಿಎಂಐ ತಂತಿಯಲ್ಲಿ ನೋಡಿ. ಸರಿಯಾದರೆ ತಪ್ಪು ಉದ್ದ ತಂತಿಯದು. ಉದ್ದ ತಂತಿ ಇಟ್ಟುಕೊಂಡೇ ಲ್ಯಾಪ್‌ಟಾಪಿನ ರೆಸಲ್ಯೂಷನ್ ಇಳಿಸಿ. ಚುಕ್ಕಿ ಮಾಯವಾದರೆ ತಂತಿ ಆ ವೇಗ ತಡೆಯುತ್ತಿಲ್ಲ. ಸಾದಾ ತಾಮ್ರದ ಎಚ್‌ಡಿಎಂಐಯನ್ನು 10 ಮೀಟರ್ ಮೀರಿ ನಂಬಬೇಡಿ. ಆಚೆಗೆ ನೆಟ್‌ವರ್ಕ್ ತಂತಿಯಲ್ಲಿ ಚಿತ್ರ ಸಾಗಿಸುವ ಕ್ಯಾಟ್ 6 ಎಕ್ಸ್‌ಟೆಂಡರ್ ಅಥವಾ ಬೆಳಕಿನ ರೂಪದಲ್ಲಿ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ. ಕ್ಯಾಟ್ 6 ಪೂರ್ತಿ ತಾಮ್ರದ್ದಿರಲಿ, ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು ಬೇಡ. ಆಪ್ಟಿಕಲ್ ತಂತಿಗೆ ದಿಕ್ಕಿದೆ. ಸೋರ್ಸ್ ಎಂದು ಬರೆದ ತುದಿ ಲ್ಯಾಪ್‌ಟಾಪಿಗೆ. ತಿರುವುಮುರುವಾದರೆ ಏನೂ ಬರುವುದಿಲ್ಲ.

ದೀಪದ ಬೆಳಕು ತಗ್ಗಿಸುವ ಡಿಮ್ಮರನ್ನು ಅರ್ಧಕ್ಕೆ ತಂದಾಗ ಮಾತ್ರ ಚಿತ್ರ ಕೆಡುತ್ತದೆಯೇ? ಡಿಮ್ಮರಿನ ವಿದ್ಯುತ್ ಗದ್ದಲ ಅರ್ಧದ ಹತ್ತಿರ ಅತಿ ಹೆಚ್ಚು. ಸಿಗ್ನಲ್ ತಂತಿಯನ್ನು ದೀಪದ ತಂತಿಗಳಿಂದ ಒಂದೆರಡು ಅಡಿ ದೂರ ಎಳೆಯಿರಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ.

ಹೊಳೆ ಜರ್ಕ್ ಹೊಡೆಯುತ್ತಾ ಹರಿದರೆ ತಂತಿಯನ್ನು ದೂರಬೇಡಿ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋವನ್ನು 60 ಹರ್ಟ್ಸಿನಲ್ಲಿ ಓಡಿಸಿದರೆ ನಿಧಾನದ ಚಲನೆ ಹೀಗೇ ತೊದಲುತ್ತದೆ. ಔಟ್‌ಪುಟ್ಟನ್ನು 50 ಹರ್ಟ್ಸಿಗೆ ಇಳಿಸಿ, ಇಲ್ಲವೇ ವಿಡಿಯೋವನ್ನೇ 30 ಫ್ರೇಮಿನಲ್ಲಿ ತಯಾರಿಸಿ. ಲ್ಯಾಪ್‌ಟಾಪಿನಲ್ಲಿ ಡಿಸ್‌ಪ್ಲೇ ಎಕ್ಸ್‌ಟೆಂಡ್ ಆಗಿರಲಿ, ನಿದ್ರೆ, ಸ್ಕ್ರೀನ್‌ಸೇವರ್, ನೋಟಿಫಿಕೇಷನ್, ವೈಫೈ ಎಲ್ಲ ಬಂದ್.

ಕರೆಂಟು

ಹಳ್ಳಿಯ ಕಡೆ ವೋಲ್ಟೇಜ್ ಇಳಿದು ದೀಪ ಮಂಕಾದಾಗ ಪ್ರೊಜೆಕ್ಟರನ್ನೂ ಅನುಮಾನಿಸುತ್ತಾರೆ. 100ರಿಂದ 240 ವೋಲ್ಟ್ ಎಂದು ಬರೆದಿರುವ ಪ್ರೊಜೆಕ್ಟರ್ 170 ವೋಲ್ಟಿನಲ್ಲೂ ಅಷ್ಟೇ ಬೆಳಗುತ್ತದೆ. ಅದಕ್ಕೆ ಬೇಕಾದದ್ದು ಸ್ಟೆಬಿಲೈಜರ್ ಅಲ್ಲ, ಯುಪಿಎಸ್. ಕರೆಂಟ್ ಹೋಗಿ ಜನರೇಟರ್ ಹತ್ತುವ ಒಂದು ನಿಮಿಷದಲ್ಲಿ ಪ್ರೊಜೆಕ್ಟರ್ ಆರಿದರೆ, ಲ್ಯಾಂಪಿನದು ತಣಿಯದೆ ಮತ್ತೆ ಹೊತ್ತುವುದಿಲ್ಲ. ಐದಾರು ನಿಮಿಷ ನಾಟಕ ಬರಿ ನೆಲದ ಮೇಲೆ ನಡೆಯಬೇಕಾಗುತ್ತದೆ. 300 ವಾಟಿನ ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಸೇರಿ 1 ಕೆವಿಎ ಯುಪಿಎಸ್ ಸಾಕು. ಮನೆಯ ಇನ್ವರ್ಟರ್ ಬಳಸುವುದಾದರೆ ಸೈನ್ ವೇವ್‌ನದೇ ಆಗಿರಲಿ.

ಪ್ಲಗ್ ಹಾಕುವ ಮೊದಲು ಮಲ್ಟಿಮೀಟರಿನಲ್ಲಿ ಅಳೆಯುವುದನ್ನು ಯಾವ ಊರಿನಲ್ಲೂ ತಪ್ಪಿಸಬೇಡಿ. ಚಪ್ಪರದ ತಾತ್ಕಾಲಿಕ ಸಂಪರ್ಕದಲ್ಲಿ ನ್ಯೂಟ್ರಲ್ ಸಡಿಲವಾಗಿದ್ದರೆ 230 ಇರಬೇಕಾದಲ್ಲಿ 350 ವೋಲ್ಟ್ ಬರಬಹುದು, ಒಂದು ಕ್ಷಣಕ್ಕೆ ಎಲ್ಲ ಸುಡುತ್ತದೆ. 260 ದಾಟಿದರೆ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಏನನ್ನೂ ಜೋಡಿಸಬೇಡಿ. ಎಚ್‌ಡಿಎಂಐ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥ್ ಸುತ್ತಿನ ಗುಂಯ್‌ಗುಡುವಿಕೆ. ಮಿಕ್ಸರ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ, ಸಾಲದಿದ್ದರೆ ಧ್ವನಿಯ ದಾರಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಅರ್ಥ್ ಪಿನ್ ಮುರಿಯುವುದು ಪರಿಹಾರವಲ್ಲ, ಅದು ಜೀವ ತೆಗೆಯುತ್ತದೆ.

ತೇವ, ಧೂಳು, ಹುಳ

ಆಗುಂಬೆಯಂಥ, ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಸೀಮೆಯಲ್ಲಿ ಈ ಭಾಗವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎಸಿ ಕಾರಿನಿಂದ ಇಳಿಸಿದ ಪ್ರೊಜೆಕ್ಟರನ್ನು ತೇವದ ಸಭಾಂಗಣದಲ್ಲಿ ಕೂಡಲೇ ಬಿಚ್ಚಿದರೆ ಲೆನ್ಸಿನ ಮೇಲೂ ಒಳಗೂ ಹನಿಗಟ್ಟುತ್ತದೆ, ಚಿತ್ರವೆಲ್ಲ ಮಂಜು. ಮುಚ್ಚಿದ ಪೆಟ್ಟಿಗೆಯಲ್ಲೇ ಒಂದು ಗಂಟೆ ಬಿಟ್ಟು, ಆಮೇಲೆ ತೆಗೆದು ಹಚ್ಚಿ. ಒಳಗಿನ ಮಂಜು ಕಾಣುತ್ತಿದ್ದರೆ ಹಚ್ಚಬೇಡಿ. ಹೆಂಚು ಸೋರುವ ಕಡೆ ಪ್ರೊಜೆಕ್ಟರಿನ ಒಂದಡಿ ಮೇಲೆ ಓರೆಯಾಗಿ ಪ್ಲಾಸ್ಟಿಕ್ ಹಾಳೆ ಕಟ್ಟಿ. ಯಂತ್ರಕ್ಕೇ ಸುತ್ತಿದರೆ ಗಾಳಿ ನಿಂತು ಬಿಸಿಯಾಗಿ ಆರುತ್ತದೆ. ಬೇಸಿಗೆಯಲ್ಲಿ ಅದೇ ಕೆಲಸವನ್ನು ಕೆಮ್ಮಣ್ಣಿನ ಧೂಳು ಮಾಡುತ್ತದೆ: ಬಿಸಿಯ ದೀಪ ಹೊತ್ತಿದರೆ ಮೊದಲು ಫಿಲ್ಟರ್ ತೆಗೆದು ನೋಡಿ. ರಂಗದ ಮೇಲೆ ಲೋಬಾನ ಹಾಕುವ ನಾಟಕವಾದರೆ ಪ್ರತಿ ಆಟಕ್ಕೂ ನೋಡಿ. ಹೊಗೆ ಇದ್ದಾಗ ಚಿತ್ರಕ್ಕಿಂತ ಬೆಳಕಿನ ಕಂಬವೇ ಎದ್ದು ಕಾಣುತ್ತದೆ.

ರೋಹಿಣಿ, ಮೃಗಶಿರಾ ಮಳೆಯ ಸಂಜೆಗಳಲ್ಲಿ ರೆಕ್ಕೆ ಬಂದ ಗೆದ್ದಲು ಪ್ರೊಜೆಕ್ಟರಿನ ಬಾಯಿಗೇ ಮುತ್ತುತ್ತದೆ, ನೆಲದ ಮೇಲೆ ಹದ್ದಿನ ಗಾತ್ರದ ನೆರಳುಗಳು ಓಡುತ್ತವೆ. ಪ್ರವೇಶದ್ವಾರದ ಆಚೆ, ಸಭಾಂಗಣದಿಂದ ದೂರ ಒಂದು ಪ್ರಖರ ಬಿಳಿ ದೀಪ ಹಚ್ಚಿಡಿ, ಆಟ ಶುರುವಾಗುವವರೆಗೆ ಪ್ರೊಜೆಕ್ಟರಿನ ಮುಚ್ಚಳ ತೆಗೆಯಬೇಡಿ. ಗಾಳಿ ಎಳೆಯುವ ಬಾಯಿಗೆ ಸೊಳ್ಳೆಪರದೆ ಕಟ್ಟಬಹುದು, ಆದರೆ ಅದನ್ನು ವಿರಾಮದಲ್ಲಿ ಬ್ರಷ್ಷಿನಿಂದ ಗುಡಿಸಲೇಬೇಕು. ರೆಕ್ಕೆಗಳು ಅರ್ಧ ಗಂಟೆಯಲ್ಲಿ ಅದನ್ನು ಮುಚ್ಚಿಬಿಡುತ್ತವೆ. ಆಟ ಮುಗಿದ ಮೇಲೆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಪ್ಲಗ್ ಕೀಳದೆ ಕಾದು, ಪೂರ್ತಿ ತಣಿದ ಮೇಲೆ ಸಿಲಿಕಾ ಜೆಲ್ ಜೊತೆ ಪೆಟ್ಟಿಗೆಗೆ ಹಾಕಿ. ನೀಲಿ ಹರಳು ಗುಲಾಬಿಯಾದರೆ ಅದು ತೇವ ಕುಡಿದು ತುಂಬಿದೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಹುರಿದು, ಆರಿಸಿ, ಮುಂದಿನ ಊರಿಗೆ ಹೊರಡುವ ಮೊದಲು ಪೆಟ್ಟಿಗೆಯೊಳಗಿಡಿ.